ಪ್ರ: ಗುಡ್ಡ ಕುಸಿದಿದ್ದು ಮೇಲೆಲ್ಲೋ, ಚೂರಲ್‌ಮಲ ಹೇಗೆ ಹಾಳಾಯಿತು?

ಉ: ನಿಮ್ಮ ಪ್ರಶ್ನೆ ಸರಿಯಾಗಿದೆ ಸಾರ್. ವಯನಾಡಿನಲ್ಲಿ ಗುಡ್ಡ ಕುಸಿದ ಜಾಗಕ್ಕೂ ಚೂರಲ್‌ಮಲ ಪೇಟೆಗೂ ಕಿಲೋಮೀಟರ್‌ಗಟ್ಟಲೆ ದೂರವಿದೆ. ಆದರೆ ಗುಡ್ಡ ಬಿದ್ದ ಜಾಗದಲ್ಲೇ ನಿಲ್ಲಲಿಲ್ಲ, ಹೊಳೆ ಹಿಡಿದು ಹರಿದು ಬಂತು.

2024ರ ಜುಲೈ 30ರ ನಸುಕಿನಲ್ಲಿ ಕುಸಿತ ಶುರುವಾಗಿದ್ದು ಸುಮಾರು 1550 ಮೀಟರ್ ಎತ್ತರದಲ್ಲಿ. ಎರಡು ದಿನ ಸುರಿದ ಮಳೆಗೆ ಬಂಡೆಯ ಮೇಲಿನ ಮಣ್ಣು ನೀರು ಕುಡಿದು ಭಾರವಾಗಿತ್ತು, ಹಿಡಿತ ತಪ್ಪಿತ್ತು. ಅದು ಜಾರಿ ಪುನ್ನಪ್ಪುಳ ಹೊಳೆಯ ಕಣಿವೆಗೆ ಬಿದ್ದಾಗ ಬರೀ ಮಣ್ಣಲ್ಲ, ಹಸಿ ಕಾಂಕ್ರೀಟ್ ಇದ್ದ ಹಾಗೆ. ಮನೆಯಷ್ಟು ದೊಡ್ಡ ಬಂಡೆಯನ್ನೂ ಹೊತ್ತೊಯ್ಯುತ್ತದೆ. ದಾರಿಯಲ್ಲಿ ದಡ ಕೊರೆದು, ಮರ ಕಿತ್ತು ಇನ್ನೂ ದಪ್ಪವಾಗುತ್ತದೆ. ಹೀಗೆ ಸುಮಾರು 8 ಕಿಲೋಮೀಟರ್ ಸಾಗಿತು. ದಾರಿಗೆ ಸಿಕ್ಕ ಊರುಗಳು ಪುಂಚಿರಿಮಟ್ಟಂ, ಮುಂಡಕ್ಕೈ, ಆಮೇಲೆ ಚೂರಲ್‌ಮಲ. 200ಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ದೇಹಗಳು ಸಿಕ್ಕಿದ್ದು ದೂರದ ನಿಲಂಬೂರಿನಲ್ಲಿ, ಚಾಲಿಯಾರ್ ನದಿಯಲ್ಲಿ.

ಇದು ಹೊಸದೂ ಅಲ್ಲ. ಮುಂಡಕ್ಕೈಯಲ್ಲಿ 1984ರಲ್ಲೇ ಕುಸಿದಿತ್ತು. ಹತ್ತಿರದ ಪುತ್ತುಮಲದಲ್ಲಿ 2019ರಲ್ಲಿ 17 ಜನ ಹೋದರು. ಸುಮ್ನೆ "ಮಳೆ ಜಾಸ್ತಿ ಆಯ್ತು" ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ನೀವು ಕೊಡಗಿನಲ್ಲಿ ಹಳ್ಳದ ಪಕ್ಕ ಸೈಟ್ ನೋಡ್ತಿದ್ದೀನಿ ಅಂದಿರಲ್ಲ, ಎದುರಿಗಿರುವ ಗುಡ್ಡ ಮಾತ್ರ ನೋಡಬೇಡಿ, ಹಳ್ಳ ಹುಟ್ಟುವ ಜಾಗದ ತನಕ ನೋಡಿ. ಜೋರು ಮಳೆಯಲ್ಲಿ ಹಳ್ಳದ ನೀರು ದಿಢೀರನೆ ಕಡಿಮೆಯಾದರೆ ಅಥವಾ ಕೆಸರಾದರೆ ಮೇಲೆಲ್ಲೋ ಮಣ್ಣು ಕುಸಿದು ಹಳ್ಳಕ್ಕೆ ಅಡ್ಡ ಕಟ್ಟಿಕೊಂಡಿರಬಹುದು. ಆಗ ಸಾಮಾನು ಕಟ್ಟುತ್ತಾ ಕೂರಬೇಡಿ, ಹಳ್ಳದಿಂದ ದೂರ, ಎತ್ತರದ ಕಡೆಗೆ ಹೊರಟುಬಿಡಿ.