ಹನ್ನೆರಡು ಪಾತ್ರ ಎಂದರೆ ಎಷ್ಟು ಚಿತ್ರ: ಪಿಕ್ಸೆಲ್ ಕಲಾವಿದೆಯ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹಾರ್ಥಿಗೆ ಇಪ್ಪತ್ತೇಳು ವರ್ಷ. ಹಳೆಯ ಶೈಲಿಯ ವಿಡಿಯೋ ಗೇಮ್‌ಗಳಿಗೆ ಪಾತ್ರಗಳ ಪಿಕ್ಸೆಲ್ ಚಿತ್ರ (ಪಿಕ್ಸೆಲ್ ಎಂಬ ಪುಟ್ಟ ಚೌಕಗಳನ್ನು ಒಂದೊಂದಾಗಿ ತುಂಬಿ ಬರೆಯುವ ಚಿತ್ರ) ಬರೆದುಕೊಡುವುದು ಅವರ ವೃತ್ತಿ, ಮನೆಯಿಂದಲೇ ಕೆಲಸ. ನಿದ್ರೆ ಬರುತ್ತಿಲ್ಲ, ಸ್ಟುಡಿಯೋದ ಈಮೇಲ್ ತೆರೆಯಲು ಭಯ, ಬಲಗೈ ಮಣಿಕಟ್ಟಿನಲ್ಲಿ ನೋವು ಎಂದು ಬಂದರು. “ನನಗೆ ಪ್ರತಿಭೆ ಇಲ್ಲ ಮೇಡಂ, ಅದಕ್ಕೇ ಮುಗೀತಾ ಇಲ್ಲ” ಎಂಬ ಮಾತು ಮೊದಲ ಭೇಟಿಯಲ್ಲಿ ಮತ್ತೆ ಮತ್ತೆ ಬಂತು.

ಬೆರಳುಗಳು ರಾತ್ರಿ ಜೋಮು ಹಿಡಿಯುತ್ತಿದ್ದುದರಿಂದ ಮೊದಲು ಮೂಳೆ ವೈದ್ಯರ ಬಳಿ ಕಳಿಸಿದೆವು. ಇದನ್ನು ಮಾತಿನಿಂದ ಗುಣಪಡಿಸಲು ಹೋಗಬಾರದು.

ಎರಡನೇ ಭೇಟಿಗೆ ಒಪ್ಪಂದ ತರಲು ಹೇಳಿದೆವು. ಇದ್ದದ್ದು ಒಂದೇ ಸಾಲಿನ ಈಮೇಲ್: ಹನ್ನೆರಡು ಪಾತ್ರ, 32×32 ಪಿಕ್ಸೆಲ್, 8 ಬಿಟ್ (1980ರ ದಶಕದ ಗೇಮ್ ಯಂತ್ರಗಳ) ಶೈಲಿ, ಒಟ್ಟು ಮೊತ್ತ. ಕಾಗದದ ಮೇಲೆ ಫ್ರೇಮ್, ಅಂದರೆ ಚಲನೆಯ ಒಂದೊಂದು ಬಿಡಿ ಚಿತ್ರ, ಎಣಿಸಲು ಕೂತೆವು. ನಿಂತ ಭಂಗಿ 4, ನಡಿಗೆ 6, ಹೊಡೆತ 5, ಪೆಟ್ಟು ತಿನ್ನುವುದು 2: ಒಟ್ಟು 17. ಇದನ್ನು ಮುಂದೆ, ಹಿಂದೆ, ಪಕ್ಕ ಎಂದು ಮೂರು ದಿಕ್ಕಿಗೆ ಬರೆದರೆ 51. ಸಾಯುವ ದೃಶ್ಯ ಒಂದೇ ದಿಕ್ಕಿಗೆ 6. ಒಂದು ಪಾತ್ರಕ್ಕೆ 57, ಹನ್ನೆರಡಕ್ಕೆ 684. ಆ ಸಂಖ್ಯೆ ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಣ ಹೇಳಿದ್ದು ಹನ್ನೆರಡಕ್ಕೆ, ದುಡಿಯುತ್ತಿದ್ದುದು 684ಕ್ಕೆ.

ಅಷ್ಟರ ಮೇಲೆ ಸ್ಟುಡಿಯೋ ಎರಡು ಬದಲಾವಣೆ ಕೇಳಿತ್ತು. ಪಕ್ಕದ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಬಲಗೈಯ ಕತ್ತಿ ಎಡಗೈಗೆ ಬರುತ್ತದೆ, ಆದ್ದರಿಂದ ಎಡ ಬಲ ಬೇರೆ ಬೇರೆ ಬೇಕು ಎಂಬುದು ಒಂದು. ಅಂದರೆ ಪಾತ್ರಕ್ಕೆ 74, ಒಟ್ಟು 888. ಇನ್ನೊಂದು, ಆರು ಪಾತ್ರ ಮುಗಿದ ಮೇಲೆ ಅಳತೆಯನ್ನು 48×48 ಮಾಡಿ ಎಂದದ್ದು. ಒಂದೂವರೆ ಪಟ್ಟು ಹಿಗ್ಗಿಸಿದರೆ ಕೆಲವು ಪಿಕ್ಸೆಲ್ ಎರಡಾಗುತ್ತವೆ, ಕೆಲವು ಒಂದೇ ಉಳಿಯುತ್ತವೆ. ಗೆರೆ ಒಂದೆಡೆ ದಪ್ಪ, ಒಂದೆಡೆ ಸಣ್ಣ. ಕಣ್ಣು ಬಾಯಿಯಂಥ ಕಡೆ ಇದು ವಿಕಾರವಾಗಿ ಕಾಣುತ್ತದೆ. ಎರಡು, ಮೂರು ಪಟ್ಟಾದರೆ ಈ ತೊಂದರೆಯಿಲ್ಲ. ಒಂದೂವರೆ ಪಟ್ಟೆಂದರೆ ಹೊಸದಾಗಿ ಬರೆಯಬೇಕು, ಅದೂ 1,024ರ ಬದಲು 2,304 ಪಿಕ್ಸೆಲ್‌ಗಳಲ್ಲಿ. ಇದನ್ನು ಅವರು “ತಿದ್ದುಪಡಿ” ಎಂದೇ ಒಪ್ಪಿಕೊಂಡಿದ್ದರು.

ಮನಸ್ಸಿನ ಕಡೆಯ ಗಂಟು ಬೇರೆ. ಅವರು ಏಸ್‌ಪ್ರೈಟ್ ಎಂಬ ಪಿಕ್ಸೆಲ್ ಚಿತ್ರದ ತಂತ್ರಾಂಶದಲ್ಲಿ 1600 ಶೇಕಡಾ (ಹದಿನಾರು ಪಟ್ಟು) ಹಿಗ್ಗಿಸಿಕೊಂಡು ಒಂದು ಮೂಗಿಗೆ ಸಂಜೆಯೆಲ್ಲ ಕಳೆಯುತ್ತಿದ್ದರು. ಗೇಮ್ 320×180 ಪಿಕ್ಸೆಲ್‌ನದ್ದು, 1920×1080 ಪರದೆಯಲ್ಲಿ ಸರಿಯಾಗಿ ಆರು ಪಟ್ಟು ಹಿಗ್ಗುತ್ತದೆ, ಅದೂ ಚಲಿಸುತ್ತಾ. ಪಕ್ಕದ ಕಿಟಕಿಯಲ್ಲಿ ನಿಜವಾದ ಅಳತೆ, ನಿಜವಾದ ವೇಗದಲ್ಲಿ ಚಿತ್ರ ಓಡುತ್ತಿರಲಿ, ಅಲ್ಲಿ ಕಾಣದ ತಪ್ಪನ್ನು ತಿದ್ದಬೇಡಿ ಎಂದೆವು. 1981ರ ಡಾಂಕಿ ಕಾಂಗ್ ಗೇಮ್‌ನ ಮಾರಿಯೋನನ್ನೂ ನೆನಪಿಸಿದೆವು: ಅಷ್ಟು ಚಿಕ್ಕ ಚಿತ್ರದಲ್ಲಿ ಬಾಯಿ ಬರೆಯುವ ಕಷ್ಟ ತಪ್ಪಿಸಲು ಮೀಸೆ, ಕೂದಲಿನ ಕಷ್ಟ ತಪ್ಪಿಸಲು ಟೋಪಿ ಕೊಟ್ಟರು ಆ ಗೇಮ್‌ನ ವಿನ್ಯಾಸಕ ಮಿಯಾಮೊಟೊ. ಈ ಕಲೆಯಲ್ಲಿ ಬಿಡುವುದನ್ನು ತಿಳಿಯುವುದೇ ಕೌಶಲ. ಇದನ್ನು ಕೇಳಿದ ಮೇಲೆ ಅವರ ಮುಖ ಸಡಿಲವಾಯಿತು.

ಕೆಲಸದ ಕ್ರಮವನ್ನೂ ಕೂಡಿ ಬದಲಿಸಿದೆವು. ಮೊದಲು ಬರೀ ಕಪ್ಪು ಆಕಾರ; ಪಾತ್ರ ಯಾರೆಂದು ಅದರಲ್ಲೇ ಗೊತ್ತಾಗಬೇಕು. ಆಮೇಲೆ ಪ್ರತಿ ಚಲನೆಗೆ ಎರಡು ಮೂರು ಮುಖ್ಯ ಭಂಗಿ. ಇವಕ್ಕೆ ಲಿಖಿತ ಒಪ್ಪಿಗೆ ಸಿಕ್ಕ ಮೇಲೆಯೇ ನಡುವಿನ ಫ್ರೇಮ್, ಬಣ್ಣ. ಎಲ್ಲ ಪಾತ್ರಗಳಿಗೂ ಒಂದೇ 16 ಬಣ್ಣಗಳ ಪ್ಯಾಲೆಟ್ (ಬಣ್ಣಗಳ ಪಟ್ಟಿ), ಇಂಡೆಕ್ಸ್ಡ್ ಮೋಡ್‌ನಲ್ಲಿ, ಅಂದರೆ ಪ್ರತಿ ಪಿಕ್ಸೆಲ್ ಆ ಪಟ್ಟಿಯ ಬಣ್ಣದ ಸಂಖ್ಯೆಯನ್ನಷ್ಟೇ ಹಿಡಿದಿರುತ್ತದೆ. ಆಗ “ಅಂಗಿಯ ಕೆಂಪು ಬದಲಿಸಿ” ಎಂದರೆ ಒಂದು ಬಣ್ಣ ಬದಲಿಸಿದರೆ ಆ ಫೈಲಿನ ಫ್ರೇಮ್‌ಗಳೆಲ್ಲ ಬದಲಾಗುತ್ತವೆ. “8 ಬಿಟ್” ಎಂದರೆ ಏನೆಂದೂ ಕೇಳಿಕೊಳ್ಳಬೇಕು. ನಿಂಟೆಂಡೊದ ಹಳೆಯ ಗೇಮ್ ಯಂತ್ರ ಎನ್‌ಇಎಸ್‌ನಲ್ಲಿ ಒಂದು ಸ್ಪ್ರೈಟ್ (ಪರದೆಯಲ್ಲಿ ಚಲಿಸುವ ಚಿತ್ರದ ತುಣುಕು) ಪ್ಯಾಲೆಟ್‌ಗೆ ಪಾರದರ್ಶಕವನ್ನು ಬಿಟ್ಟು ಮೂರೇ ಬಣ್ಣ, ಒಂದು ಅಡ್ಡ ಸಾಲಿನಲ್ಲಿ ಎಂಟೇ ಸ್ಪ್ರೈಟ್. ಆ ಮಿತಿ ನಿಜಕ್ಕೂ ಬೇಕೋ, ಬರೀ ನೋಟ ಸಾಕೋ?

ಸ್ಟುಡಿಯೋಗೆ ಕ್ಷಮೆ ಕೇಳುವ ಈಮೇಲ್ ಬರೆದಿಟ್ಟಿದ್ದರು. ಅದರ ಬದಲು ಫ್ರೇಮ್‌ಗಳ ಪಟ್ಟಿ ಕಳಿಸಲು ಹೇಳಿದೆವು. ಜೊತೆಗೆ ಹೊಸ ಒಪ್ಪಂದದ ಕರಡು: ಫ್ರೇಮ್ ಲೆಕ್ಕದ ದರ, ಹಂತಕ್ಕೆ ಎರಡು ಸುತ್ತು ತಿದ್ದುಪಡಿ, ಅಳತೆ ಬದಲಾದರೆ ಹೊಸ ಲೆಕ್ಕ, ಮೂಲ ಫೈಲು ಕೊನೆಯ ಕಂತು ಬಂದ ಮೇಲೆ. ಕೃತಿಸ್ವಾಮ್ಯದ ವರ್ಗಾವಣೆಯೂ ಸ್ಪಷ್ಟವಾಗಿರಬೇಕು. 1957ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಜಗತ್ತಿನೆಲ್ಲೆಡೆ ಗೇಮ್ ಮಾರಲಿರುವ ಸ್ಟುಡಿಯೋಗೆ ಈ ಕಾಗದ ಕಲಾವಿದೆಗಿಂತ ಹೆಚ್ಚು ಬೇಕು. ಕೇಳಲು ಅಂಜಬೇಕಾಗಿಲ್ಲ ಎಂದು ಒತ್ತಿ ಹೇಳಿದೆವು.

ಪಟ್ಟಿ ನೋಡಿದ ಸ್ಟುಡಿಯೋ 48ರ ಮಾತು ಬಿಟ್ಟಿತು. ಆಟಗಾರ ನಡೆಸುವ ನಾಲ್ಕು ಪಾತ್ರಗಳಿಗೆ ಮಾತ್ರ ನಾಲ್ಕು ದಿಕ್ಕು, ಉಳಿದ ಎಂಟಕ್ಕೆ ಕನ್ನಡಿ ತಿರುವು: ಒಟ್ಟು 752. ಹೆಚ್ಚಾದ 68 ಫ್ರೇಮ್‌ಗೆ ಬೇರೆ ಹಣ. ಹಳೆಯ ಮೊತ್ತ ಮಾತ್ರ ಏರಲಿಲ್ಲ; ಅದನ್ನು ಸಲಹಾರ್ಥಿ ಒಪ್ಪಿಕೊಂಡರು. ನಿದ್ರೆ ಸುಧಾರಿಸಿದೆ. ಮಣಿಕಟ್ಟಿಗೆ ಫಿಸಿಯೋಥೆರಪಿ ನಡೆಯುತ್ತಿದೆ, ಮುಂದಿನ ಭೇಟಿ ತಿಂಗಳ ನಂತರ.