ಬೆಳಗ್ಗೆ ಮಿಸ್ ಹೊಡೆಯುವ ಹಳೆ ಪಿಕಪ್: ಇಂಜಿನ್ ಇಳಿಸುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನನ್ನದು 2008ರ ಮಾಡೆಲ್ ಡೀಸೆಲ್ ಪಿಕಪ್. ನಾಲ್ಕು ಸಿಲಿಂಡರ್, ಹಳೆಯ ಮೆಕ್ಯಾನಿಕಲ್ ಪಂಪು. ಟೊಮೆಟೊ ತುಂಬಿಕೊಂಡು ಕೋಲಾರದ ಮಂಡಿಗೆ ಓಡಿಸುತ್ತೇನೆ. ಮೂರು ವಾರದಿಂದ ಬೆಳಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೂ ಐದು-ಹತ್ತು ನಿಮಿಷ ಮಿಸ್ ಹೊಡೆದು ಗಾಡಿ ಪೂರ್ತಿ ನಡುಗುತ್ತದೆ, ಬಿಳಿ ಹೊಗೆ ಬರುತ್ತದೆ. ಆಮೇಲೆ ಸರಿಹೋಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಕಳೆದ ತಿಂಗಳು ಡೀಸೆಲ್ ಫಿಲ್ಟರ್ ಬದಲಿಸಿದ್ದೆ. ಗ್ಯಾರೇಜಿನಲ್ಲಿ ಬೋರ್ ಹೋಗಿದೆ, ಇಂಜಿನ್ ಇಳಿಸಬೇಕು ಎನ್ನುತ್ತಾರೆ. ಇಳಿಸಲೇಬೇಕೇ?

ಉತ್ತರ: ಈಗಲೇ ಇಳಿಸಬೇಡಿ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದರೂ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಬಿಳಿ ಹೊಗೆಯೂ ಬರುತ್ತದೆ. ಗ್ಯಾರೇಜಿನವರ ಅನುಮಾನ ಅಷ್ಟರಮಟ್ಟಿಗೆ ಸರಿ. ಆದರೆ ಬೋರ್ ಮೂರು ವಾರದಲ್ಲಿ ಸವೆಯುವುದಿಲ್ಲ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದೆ ಎಂಬುದರ ಹಂಗೂ ಅದಕ್ಕಿಲ್ಲ. ನಿಮ್ಮ ಗಾಡಿಯ ಡೀಸೆಲ್ ಲೈನ್ ಎಲ್ಲೋ ಏರ್ ಎಳೆಯುತ್ತಿದೆ ಎಂಬುದೇ ಮೊದಲ ಅನುಮಾನ.

ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ಕೊಡುವ ಸಣ್ಣ ಪಂಪೇ ಫೀಡ್ ಪಂಪ್. ಟ್ಯಾಂಕಿನಿಂದ ಅಲ್ಲಿಯವರೆಗಿನ ಪೈಪು ಎಳೆತದ ಕಡೆಯದು. ಅಲ್ಲಿ ಸಣ್ಣ ಸೀಳು ಬಿಟ್ಟರೆ ಡೀಸೆಲ್ ಹೊರಗೆ ಜಿನುಗುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ಪೈಪು ಒಣಗಿದ್ದ ಮಾತ್ರಕ್ಕೆ ಸರಿಯಿದೆ ಎನ್ನುವಂತಿಲ್ಲ. ರಾತ್ರಿ ಗಾಡಿ ನಿಂತಾಗ ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು, ಆ ಜಾಗದಲ್ಲಿ ಗಾಳಿ ಕೂರುತ್ತದೆ. ಬೆಳಗ್ಗೆ ಆ ಗಾಳಿ ಹೊರಹೋಗುವ ತನಕ ಒಂದೊಂದು ಸಿಲಿಂಡರಿಗೂ ಅರೆಬರೆ ಡೀಸೆಲ್ ಸಿಗುತ್ತದೆ. ಅದು ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ. ಟ್ಯಾಂಕಿನೊಳಗಿನ ಎಳೆಯುವ ಪೈಪು ಮಧ್ಯದಲ್ಲಿ ಸೀಳಿದ್ದರೆ ಡೀಸೆಲ್ ಆ ಮಟ್ಟಕ್ಕಿಂತ ಇಳಿದಾಗ ಮಾತ್ರ ಗಾಳಿ ಸೇರುತ್ತದೆ. ನಿಮ್ಮ ವಿವರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಫಿಲ್ಟರ್ ಬದಲಿಸಿದ ಸ್ವಲ್ಪ ದಿನಕ್ಕೇ ಶುರುವಾದ್ದರಿಂದ ಮೊದಲು ಅದನ್ನು ಬಿಚ್ಚಿ ನೋಡಿ. ಹಳೆಯ ರಬ್ಬರ್ ರಿಂಗ್ ಮೇಲ್ಭಾಗಕ್ಕೆ ಅಂಟಿಕೊಂಡಿದ್ದು, ಅದರ ಮೇಲೇ ಹೊಸದು ಕೂತಿರುವುದು ಅಪರೂಪವಲ್ಲ.

ಫಿಲ್ಟರಿನಲ್ಲಿ ಏನೂ ಸಿಗದಿದ್ದರೆ ಒಂದು ಪರೀಕ್ಷೆ ಮಾಡಿ. ಐದು ಲೀಟರಿನ ಶುದ್ಧವಾದ ಕ್ಯಾನಿಗೆ ಡೀಸೆಲ್ ತುಂಬಿ, ಫೀಡ್ ಪಂಪಿಗಿಂತ ಎತ್ತರದಲ್ಲಿ ಅಲುಗದಂತೆ ಕಟ್ಟಿ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಬಳಿ ಬಿಡಿಸಿ, ಕ್ಯಾನಿನ ಪೈಪನ್ನು ಅಲ್ಲಿ ಕ್ಲಿಪ್ ಹಾಕಿ ಕೂರಿಸಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯಿರಿ. ಸಂಜೆ ಸ್ವಲ್ಪ ಓಡಿಸಿ, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಗಾಡಿಯನ್ನು ಬಯಲಲ್ಲೇ ನಿಲ್ಲಿಸಿ. ಬೆಳಗ್ಗೆ ಒಂದೇ ಸೆಲ್ಫಿಗೆ ಹಿಡಿದು ನಯವಾಗಿ ಓಡಿದರೆ ದೋಷ ಟ್ಯಾಂಕ್ ಮತ್ತು ಫೀಡ್ ಪಂಪ್ ನಡುವೆಯೇ ಇದೆ. ಆ ಭಾಗದ ಪೈಪು, ಕ್ಲಿಪ್ಪು, ವಾಷರು ಎಲ್ಲ ಹೊಸದು ಹಾಕಿಸಿ, ಟ್ಯಾಂಕಿನೊಳಗಿನ ಪೈಪನ್ನೂ ತೆಗೆಸಿ ನೋಡಿ. ನೀರಿನ ಪೈಪು ಮಾತ್ರ ಬೇಡ. ಡೀಸೆಲ್‌ಗೆ ಅದು ಊದಿಕೊಂಡು ಮತ್ತೆ ಸಡಿಲವಾಗುತ್ತದೆ.

ಕ್ಯಾನಿನಲ್ಲೂ ಮಿಸ್ ಹೊಡೆದರೆ ಯಾವ ಸಿಲಿಂಡರ್ ಸತ್ತಿದೆ ಎಂದು ಹುಡುಕಬೇಕು. ಇಂಜಿನ್ ಐಡಲಿಂಗ್‌ನಲ್ಲಿರಲಿ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲಿಗೆ ಪೈಪು ಸೇರುವ ತುದಿಯ ಯೂನಿಯನ್ ನಟ್ಟಿಗೆ ಬಟ್ಟೆ ಸುತ್ತಿ, ಸಾಮಾನ್ಯವಾಗಿ 17ರ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಡಿಲಿಸಿ. ಒಂದನ್ನು ಬಿಗಿ ಮಾಡಿಯೇ ಮುಂದಿನದಕ್ಕೆ ಹೋಗಿ. ಒಳ್ಳೆಯ ಸಿಲಿಂಡರಿನದ್ದು ಸಡಿಲಿಸಿದರೆ ಇಂಜಿನ್ ಸದ್ದು ತಟ್ಟನೆ ಇಳಿಯುತ್ತದೆ. ಯಾವುದನ್ನು ಸಡಿಲಿಸಿದಾಗ ಏನೂ ಬದಲಾಗುವುದಿಲ್ಲವೋ ಅದೇ ತಪ್ಪಿತಸ್ಥ. ಕನ್ನಡಕ, ಕೈಗವಸು ಕಡ್ಡಾಯ. ನಾಜಲಿಗೆ ಬರುವ ಈ ಪೈಪಿನಲ್ಲಿ 200 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ. ಚಿಮ್ಮುವ ಡೀಸೆಲ್ ಚರ್ಮದೊಳಕ್ಕೆ ಹೊಕ್ಕರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಂಪ್ಯೂಟರ್ ನಿಯಂತ್ರಿಸುವ ಹೊಸ ಬಗೆಯ ಕಾಮನ್ ರೈಲ್ ಗಾಡಿಯಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅದರಲ್ಲಿ ಈ ಪರೀಕ್ಷೆ ಮಾಡಲೇಬಾರದು.

ಸತ್ತ ಸಿಲಿಂಡರಿನ ನಾಜಲನ್ನು ಪಕ್ಕದ ಒಳ್ಳೆಯದರ ಜೊತೆ ಅದಲುಬದಲು ಮಾಡಿ. ಕಾಪರ್ ವಾಷರ್ ಹೊಸದೇ ಹಾಕಿ. ಹಳೆಯದು ತಳದಲ್ಲೇ ಉಳಿದಿಲ್ಲವೆಂದು ಟಾರ್ಚ್ ಬಿಟ್ಟು ನೋಡಿ. ಮಿಸ್ಸಿಂಗ್ ನಾಜಲ್ ಜೊತೆ ಪಕ್ಕದ ಸಿಲಿಂಡರಿಗೆ ಹೋದರೆ ಪಂಪ್-ನಾಜಲ್ ಅಂಗಡಿಯಲ್ಲಿ ನಾಲ್ಕನ್ನೂ ಟೆಸ್ಟ್ ಮಾಡಿಸಿ.

ಅಲ್ಲೇ ಉಳಿದರೆ ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತುವ ಭಾಗದ ಗ್ಯಾಪ್ ನೋಡಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2 ಇರುವ ಇಂಜಿನಿನಲ್ಲಿ ನಾಲ್ಕನೆಯ ಸಿಲಿಂಡರಿನ ಎರಡು ವಾಲ್ವೂ ಒಟ್ಟಿಗೆ ಅಲುಗುವ ಹಂತದಲ್ಲಿದ್ದಾಗ ಒಂದನೆಯದನ್ನು ಸೆಟ್ ಮಾಡಬೇಕು. ಎರಡನೆಯದು ಅಲುಗುವಾಗ ಮೂರನೆಯದು, ಒಂದನೆಯದಕ್ಕೆ ನಾಲ್ಕನೆಯದು, ಮೂರನೆಯದಕ್ಕೆ ಎರಡನೆಯದು. ಗ್ಯಾಪ್ ಎಷ್ಟು, ತಣ್ಣಗಿದ್ದಾಗಲೋ ಬಿಸಿಯಲ್ಲೋ ಎಂಬುದನ್ನು ನಿಮ್ಮ ಇಂಜಿನಿನ ಮ್ಯಾನುಯಲ್ ನೋಡಿಯೇ ಫೀಲರ್ ಗೇಜಿನಲ್ಲಿ ಹಿಡಿಯಿರಿ.

ಅದೂ ಸರಿಯಿದ್ದರೆ ಕಂಪ್ರೆಶನ್ ಟೆಸ್ಟ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂಬ ಪರೀಕ್ಷೆ. 40 ಬಾರ್‌ವರೆಗೆ ತೋರಿಸುವ ಡೀಸೆಲ್ ಗೇಜೇ ಬೇಕು, ಪೆಟ್ರೋಲ್ ಗಾಡಿಯ ಗೇಜ್ ತಡೆಯುವುದಿಲ್ಲ. ಆರೋಗ್ಯವಾಗಿರುವ ಇಂಥ ಇಂಜಿನಿನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಬರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಒಂದು ಮಾತ್ರ ಐದಾರು ಬಾರ್ ಕೆಳಗಿದ್ದರೆ ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಪೆಟ್ರೋಲ್ ಇಂಜಿನಿನಂತೆ ನಾಜಲ್ ತೂತಿಗೆ ಆಯಿಲ್ ಸುರಿದು ಪರೀಕ್ಷಿಸಬೇಡಿ. ಡೀಸೆಲ್ ಪಿಸ್ಟನ್ ಮೇಲೆ ಜಾಗ ಬಹಳ ಕಡಿಮೆ, ಆಯಿಲ್ ಜಾಸ್ತಿಯಾದರೆ ಕನೆಕ್ಟಿಂಗ್ ರಾಡ್ ಬಾಗೀತು. ಬದಲಿಗೆ ಇಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ತೆಗೆದು ಬಾಯಿಯ ಮೇಲೆ ಸುಮ್ಮನೆ ಇಡಿ. ಬುಸ್ ಬುಸ್ ಎಂದು ಹೊಗೆ ತಳ್ಳಿ ಮುಚ್ಚಳವನ್ನು ಎಸೆದರೆ ರಿಂಗ್-ಬೋರ್ ಸವೆದಿದೆ. ಕಂಪ್ರೆಶನ್ ಕೂಡ ನಾಲ್ಕರಲ್ಲೂ ಇಳಿದಿದ್ದರೆ ಮಾತ್ರ ಗ್ಯಾರೇಜಿನವರ ಮಾತು ಒಪ್ಪಬೇಕಾಗುತ್ತದೆ.

ನಾಜಲಿಗೆ ಡೀಸೆಲ್ ತಳ್ಳುವ ಮುಖ್ಯ ಪಂಪಿನ ಸೀಲ್ ಒಡೆಸುವುದು ಎಲ್ಲಕ್ಕಿಂತ ಕೊನೆಗೆ. ಕಿವಿಯ ಅಂದಾಜಿನಲ್ಲಿ ಸ್ಕ್ರೂ ತಿರುಗಿಸುವವರ ಕೈಗೆ ಅದನ್ನು ಕೊಡಬೇಡಿ, ಟೆಸ್ಟ್ ಬೆಂಚ್ ಇರುವಲ್ಲೇ ಮಾಡಿಸಿ.

ಪ್ರಶ್ನೆ: ನನ್ನ ಪಿಕಪ್ ಐಡಲಿಂಗ್‌ನಲ್ಲಿ ಸರಿಯಾಗಿದೆ. ಲೋಡ್ ಹಾಕಿ ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಮುಗ್ಗರಿಸುತ್ತದೆ. ಹೊಗೆ ಜಾಸ್ತಿ ಏನಿಲ್ಲ.

ಉತ್ತರ: ಡೀಸೆಲ್ ಸಾಲುತ್ತಿಲ್ಲ. ಮುಗ್ಗರಿಸಿದ ಕೂಡಲೇ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಎಳೆದುಕೊಂಡು, ಆಮೇಲೆ ಏರು ಸಲೀಸಾಗಿ ಹತ್ತಿದರೆ ಗಾಳಿಯಾಡುವ ಕಿಂಡಿ ಕಟ್ಟಿಕೊಂಡಿದೆ. ಇಲ್ಲದಿದ್ದರೆ ಡೀಸೆಲ್ ಫಿಲ್ಟರ್, ಫೀಡ್ ಪಂಪಿನ ಸಣ್ಣ ಜಾಲರಿ, ಟ್ಯಾಂಕಿನ ತಳದ ಕೆಸರು, ಈ ಮೂರನ್ನು ಇದೇ ಸಾಲಿನಲ್ಲಿ ನೋಡಿ. ಕಪ್ಪು ಹೊಗೆ ಉಗುಳಿದ್ದರೆ ಏರ್ ಫಿಲ್ಟರಿನಿಂದ ಶುರು ಮಾಡಿ ಎನ್ನಬೇಕಾಗುತ್ತಿತ್ತು.