ಆಮ್ಲ ತಿಂದ ಗೆರೆ, ಮೂಡಿದ ಮುಖ

ಪ್ರಶ್ನೆ: 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್‌ನ ಎಚ್ಚಿಂಗ್ (ಆಮ್ಲದಿಂದ ಕೊರೆದ ತಗಡಿನಿಂದ ಅಚ್ಚೊತ್ತಿದ) ಭಾವಚಿತ್ರಗಳಲ್ಲಿ ಇರುವುದು ಒಂದೇ ಕಪ್ಪು ಶಾಯಿ. ಆದರೂ ಕೆನ್ನೆಯ ತೆಳುನೆರಳು, ಕೋಣೆಯ ದಟ್ಟ ಕತ್ತಲು ಎರಡೂ ಹೇಗೆ ಮೂಡುತ್ತವೆ? ಒಂದೇ ತಗಡಿನಿಂದ ತೆಗೆದ ಪ್ರತಿಗಳು ಬೇರೆಬೇರೆಯಾಗಿ ಕಾಣುವುದೇಕೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಶಾಯಿ ಒಂದೇ ಆದರೂ ಗೆರೆಗಳ ಆಳ ಒಂದೇ ಅಲ್ಲ. ನಯಗೊಳಿಸಿದ ತಾಮ್ರದ ತಗಡಿಗೆ ಮೇಣ, ರಾಳ ಮುಂತಾದವನ್ನು ಬೆರೆಸಿದ ತೆಳುಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಚಿತ್ರ ಬರೆಯುತ್ತಾರೆ. ಸೂಜಿ ಕೆರೆಯುವುದು ಲೇಪವನ್ನು ಮಾತ್ರ. ತಾಮ್ರವನ್ನು ತಿನ್ನುವ ಕೆಲಸ ಆಮ್ಲದ್ದು. ಲೋಹವನ್ನೇ ಉಳಿಯಿಂದ ಕೊರೆಯಬೇಕಾದ ಕೆತ್ತನೆಗಾರನಿಗಿಲ್ಲದ ಸಲೀಸು ಇಲ್ಲಿ ಕೈಗೆ ಸಿಗುವುದು ಇದರಿಂದಲೇ. ತಗಡನ್ನು ಸ್ವಲ್ಪ ಹೊತ್ತು ಆಮ್ಲದಲ್ಲಿಟ್ಟು ತೆಗೆದು, ಕೆನ್ನೆಯ ಗೆರೆಗಳಿಗೆ ವಾರ್ನಿಶ್ ಹಚ್ಚಿ ಮುಚ್ಚಿ, ಮತ್ತೆ ಆಮ್ಲಕ್ಕೆ ಇಳಿಸಿದರೆ ಉಳಿದ ಗೆರೆಗಳು ಇನ್ನಷ್ಟು ಆಳವಾಗುತ್ತವೆ, ಹೆಚ್ಚು ಶಾಯಿ ಹಿಡಿಯುತ್ತವೆ. ಬಳಿಕ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಉರುಳೆಗಳ ನಡುವೆ ಒತ್ತುತ್ತಾರೆ.

ಆದರೆ ಕೋಣೆಯ ಆ ಕತ್ತಲಿಗೆ ಆಮ್ಲವೊಂದೇ ಸಾಲದು. 1647ರಲ್ಲಿ ಮಾಡಿದ, ಗೆಳೆಯ ಯಾನ್ ಸಿಕ್ಸ್‌ನ ಭಾವಚಿತ್ರವನ್ನು ನೋಡಿ: ಕಿಟಕಿಗೆ ಒರಗಿ ಓದುತ್ತಿರುವವನ ಬೆನ್ನ ಹಿಂದೆ ಬೆಳಕು, ಕೋಣೆಯ ಉಳಿದ ಭಾಗವೆಲ್ಲ ಮಖಮಲ್ಲಿನಂಥ ಕಪ್ಪು. ಇಲ್ಲಿ ರೆಂಬ್ರಾಂಟ್ ಆಮ್ಲದ ಜೊತೆಗೆ ಡ್ರೈಪಾಯಿಂಟ್ ಬಳಸಿದ, ಅಂದರೆ ಸೂಜಿಯಿಂದ ತಾಮ್ರವನ್ನೇ ನೇರವಾಗಿ ಗೀಚಿದ. ಹಾಗೆ ಗೀಚಿದಾಗ ಗೆರೆಯ ಅಂಚಿನಲ್ಲಿ ಲೋಹದ ಸಣ್ಣ ಏಣು ಏಳುತ್ತದೆ. ಅದು ಹಿಡಿದ ಶಾಯಿ ಕಾಗದದ ಮೇಲೆ ಮೆತ್ತಗೆ ಹರಡಿ ಆ ಕಪ್ಪು ಬರುತ್ತದೆ. ಪ್ರೆಸ್ಸಿನ ಒತ್ತಡಕ್ಕೆ ಏಣು ಬೇಗ ಚಪ್ಪಟೆಯಾಗುವುದರಿಂದ ಮೊದಲ ಕೆಲವು ಪ್ರತಿಗಳಲ್ಲಿರುವ ಆಳ ಆಮೇಲಿನವುಗಳಲ್ಲಿ ಇರುವುದಿಲ್ಲ. ಬರೆದದ್ದೆಲ್ಲ ಕಾಗದದಲ್ಲಿ ಎಡಬಲವಾಗುವ ಈ ಕಲೆಯಲ್ಲಿ ರೆಂಬ್ರಾಂಟ್ ಕೂಡ ಎಡವಿದ್ದುಂಟು: ಇದೇ ಚಿತ್ರದ ಮುಂಚಿನ ಒಂದು ಹಂತದಲ್ಲಿ (ತಗಡನ್ನು ಮತ್ತೆ ತಿದ್ದುವ ಮುನ್ನ ತೆಗೆದ ಪ್ರತಿಗಳಲ್ಲಿ) ಚಿತ್ರದಲ್ಲಿ ಬರೆದ ಇಸವಿ 1647ರ 6 ಮತ್ತು 4 ತಿರುಗಿ ಬಿದ್ದಿವೆ, ಆಮೇಲೆ ತಿದ್ದಿದ್ದಾನೆ.

ಪ್ರತಿಗಳು ಬೇರೆಯಾಗುವುದಕ್ಕೆ ಸವೆತದ ಜೊತೆಗೆ ಕಲಾವಿದನ ಕೈಯೂ ಕಾರಣ. ಚಿತ್ರಮುದ್ರಣಗಳ ವ್ಯಾಪಾರಿ ಕ್ಲೆಮೆಂಟ್ ದ ಯೊಂಗೆಯದೆಂದು ಗುರುತಿಸಲಾಗುವ 1651ರ ಭಾವಚಿತ್ರದಲ್ಲಿ ರೆಂಬ್ರಾಂಟ್ ಅದೇ ತಗಡನ್ನು ಮತ್ತೆ ಮತ್ತೆ ತಿದ್ದಿದ. ಒಂದು ಹಂತದಲ್ಲಿ ಹಿಂದೆ ಕಮಾನು ಸೇರಿತು, ಮುಖದ ನೆರಳು ಹೆಚ್ಚಿದಂತೆ ನೋಟವೂ ಬದಲಾಯಿತು. ನನ್ನ ಮಟ್ಟಿಗೆ ಕಮಾನಿಲ್ಲದ, ಹಗುರವಾಗಿ ಗೀಚಿದ ಮೊದಲ ಹಂತದ ಮುಖವೇ ಹೆಚ್ಚು ಜೀವಂತ.